ಶಿರಾಡಿಯಲ್ಲಿ ಮಗುಚಿದ್ದನ್ನು ಎತ್ತುವವರು

ಸಕಲೇಶಪುರ ಬಿಟ್ಟು ದೋಣಿಗಾಲ್ ದಾಟಿದ ಮೇಲೆ ಲಾರಿಗಳ ಸದ್ದೇ ಬೇರೆ. ಅಲ್ಲಿಯವರೆಗೆ ಹಾರನ್ನು, ಟೈರಿನ ಮೊರೆತ. ಅಲ್ಲಿಂದಾಚೆ ಇಳಿಯುವ ಗಾಡಿಗಳ ಎಕ್ಸಾಸ್ಟ್ ಬ್ರೇಕಿನ ಬುಸುಗುಡುವಿಕೆ, ಏರುವ ಗಾಡಿಗಳ ಒಂದನೇ ಗೇರಿನ ನರಳಾಟ. ಸುಮಾರು 900 ಮೀಟರ್ ಎತ್ತರದ ಊರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 75, ಮಾರನಹಳ್ಳಿ, ಕೆಂಪುಹೊಳೆ, ಅಡ್ಡಹೊಳೆ ಹಾಯ್ದು ಗುಂಡ್ಯ ಮುಟ್ಟುವಷ್ಟರಲ್ಲಿ 700 ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಇದು ಶಿರಾಡಿ ಘಾಟಿ. ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಹಸಿರು, ಮಂಜು, ಬಂಡೆ ಮೇಲಿನ ನೀರು. ಇಲ್ಲಿ ಕ್ರೇನ್ ಇಟ್ಟುಕೊಂಡು ಹೊಟ್ಟೆ ಹೊರೆಯುವವರ ತಲೆಯಲ್ಲಿರುವ ನಕ್ಷೆ ಬೇರೆಯದು: ಬ್ರೇಕ್ ಕೈಕೊಡುವ ಇಳಿಜಾರು, ಹಿಂದಿನ ಆಕ್ಸಲಿನೊಳಗಿನ ಕ್ರೌನ್ ಗೇರು ಒಡೆಯುವ ಏರು, ಉದ್ದದ ಟ್ರೇಲರ್ ಸಿಕ್ಕಿಕೊಳ್ಳುವ ತಿರುವು, ಹೊಳೆ ಕಡೆಗೆ ಜಾರಿದರೆ ಎರಡು ದಿನ ಹಿಡಿಸುವ ಅಂಚು. ಆ ನಕ್ಷೆ ಹಿಡಿದು ಘಾಟಿ ನೋಡಬೇಕೆಂದು ಗುಂಡ್ಯ ಕಡೆಯ ಒಂದು ರಿಕವರಿ ತಂಡದ ಬೆನ್ನು ಹತ್ತಿದೆ.

ತಂಡವೆಂದರೆ ದೊಡ್ಡ ಕಂಪನಿಯೇನಲ್ಲ. ಎರಡು ಹೈಡ್ರಾ ಕ್ರೇನು, ಹಳೆಯ ಲೇಲ್ಯಾಂಡ್ ಚಾಸಿಯ ಮೇಲೆ ಉಕ್ಕಿನ ಕಂಬ ನಿಲ್ಲಿಸಿ ವಿಂಚು ಕೂರಿಸಿದ ಒಂದು ರಿಕವರಿ ಲಾರಿ, ಸಾಮಾನು ಹೊರಲು ಒಂದು ಪಿಕಪ್. ತಗಡಿನ ಶೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಗೋಡೆಯ ಗೂಟಗಳಿಗೆ ನೇತುಹಾಕಿದ ಬೆಲ್ಟುಗಳು. ನೇರಳೆ ಬಣ್ಣದ್ದು 1 ಟನ್ ತಡೆಯುತ್ತದೆ, ಹಸಿರು 2, ಹಳದಿ 3, ಕೆಂಪು 5, ಕಿತ್ತಳೆ 10. ಅಕ್ಷರ ಬಾರದ ಹುಡುಗನೂ ಬಣ್ಣ ನೋಡಿ ಸರಿಯಾದ್ದನ್ನೇ ಎತ್ತಿಕೊಡುತ್ತಾನೆ. ಅವುಗಳ ಕೆಳಗೆ ಗ್ರೀಸು ಮೆತ್ತಿದ ಡಿ ಶಾಕಲ್‌ಗಳು, ಚೈನ್ ಬ್ಲಾಕು, ಮುಷ್ಟಿ ಗಾತ್ರದಿಂದ ಮಡಕೆ ಗಾತ್ರದವರೆಗಿನ ಪುಲ್ಲಿಗಳು, ಹರಾಜಿನಲ್ಲಿ ಬಂದ ರೈಲ್ವೆಯ ಹಳೇ ಮರದ ಸ್ಲೀಪರುಗಳು, ಚಕ್ರಕ್ಕೆ ಕೊಡುವ ಅಟ್ಟೆಗಳು, ಮರಳು ಚೀಲಗಳು. ಎಳೆಯುವ ಸಾಮಾನಿಗಿಂತ ತಡೆಯುವ ಸಾಮಾನೇ ಹೆಚ್ಚಿದೆಯಲ್ಲ ಅಂತ ನನಗೆ ಅನ್ನಿಸಿದ್ದು ಅಲ್ಲಿಯೇ. ಅದು ಯಾಕೆಂದು ತಿಳಿಯಲು ಒಂದು ಲಾರಿ ಮಗುಚಬೇಕಾಯಿತು.

ಹಿರಿಯ ಆಪರೇಟರ್ ನೆಲ್ಯಾಡಿ ಕಡೆಯವರು. ಮನೆಮಾತು ತುಳು, ಹೆಂಡತಿಯ ಮನೆಯ ಮಾತು ಮಲಯಾಳ, ಸೇಲಂ ಡ್ರೈವರುಗಳ ಹತ್ತಿರ ತಮಿಳು, ರಾಜಸ್ಥಾನದ ಟ್ರೇಲರಿನವರ ಹತ್ತಿರ ಹಿಂದಿ, ಪೊಲೀಸರ ಹತ್ತಿರ ಕನ್ನಡ. ಐದು ಭಾಷೆಯಲ್ಲೂ ಮೊದಲ ಪ್ರಶ್ನೆ ಒಂದೇ: ಲೋಡು ಎಂತದ್ದು? ಗಾಡಿ ಯಾವುದು, ಎಲ್ಲಿ ಬಿತ್ತು, ಮಾಲೀಕ ಯಾರು ಎಲ್ಲವೂ ಆಮೇಲೆ. ಲೋಡು ಗೊತ್ತಾದರೆ ಯಾವ ಬೆಲ್ಟು, ಎಷ್ಟು ಜನ, ಫೈರ್ ಎಂಜಿನ್ ಬೇಕೋ ಹಮಾಲಿಗಳು ಸಾಕೋ ಎಂಬುದು ಶೆಡ್ಡಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಡ್ರೈವರ್ ಹೇಳುವ ತೂಕವನ್ನು ಮಾತ್ರ ಅವರು ಪೂರ್ತಿ ನಂಬುವುದಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿತು. ಹತ್ತು ಚಕ್ರದ ಲಾರಿಗೆ ಗಾಡಿಯೂ ಸೇರಿ 25 ಟನ್ ಇದ್ದದ್ದು 28.5 ಆಯಿತು, ದೊಡ್ಡ ಟ್ರೇಲರುಗಳಿಗೆ 49 ಇದ್ದದ್ದು 55. "ಮಿತಿ ಏರಿದ ಮೇಲೂ ಅದರ ಮೇಲೆ ಸ್ವಲ್ಪ ಇರ್ತದೆ ಮಾರಾಯ್ರೇ. ಆ ಸ್ವಲ್ಪ ಎಷ್ಟು ಅಂತ ಕ್ರೇನಿಗೆ ಗೊತ್ತಾಗ್ತದೆ, ಬಿಲ್ಲಿನಲ್ಲಿ ಇರುವುದಿಲ್ಲ."

ಜೀಪಿನಲ್ಲಿ ಮೇಲಕ್ಕೆ ಹೋಗಿ ಮಾರನಹಳ್ಳಿಯಿಂದ ಇಳಿಯುತ್ತಾ ಬಂದೆವು. ಹೆಗ್ಗದ್ದೆಯಿಂದ ಅಡ್ಡಹೊಳೆವರೆಗೆ ಸುಮಾರು 26 ಕಿ.ಮೀ. ಈಗ ಕಾಂಕ್ರೀಟ್. ಮೇಲಿನ ಅರ್ಧ 2015ರಲ್ಲಿ, ಕೆಳಗಿನ ಅರ್ಧ 2018ರಲ್ಲಿ, ಎರಡು ಸಲವೂ ತಿಂಗಳುಗಟ್ಟಲೆ ಘಾಟಿ ಮುಚ್ಚಿ ಹಾಕಿದ್ದು. ಅದಕ್ಕೂ ಮುಂಚಿನ ಡಾಂಬರು ರಸ್ತೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಬಳ್ಳಾರಿ ಸೀಮೆಯ ಅದಿರು ಹೊತ್ತು ಮಂಗಳೂರು ಬಂದರಿಗೆ ಸಾಲುಗಟ್ಟಿ ಇಳಿದ ಲಾರಿಗಳು ರಸ್ತೆಯನ್ನು ಗದ್ದೆ ಮಾಡಿಟ್ಟಿದ್ದ ಕಾಲ ಅದು. ಆಗ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಮುರಿಯುವುದು, ಆಕ್ಸಲ್ ತುಂಡಾಗುವುದು ದಿನನಿತ್ಯದ ಕೆಲಸ. ಕಾಂಕ್ರೀಟ್ ಬಂದ ಮೇಲೆ ನಿಮಗೆ ಕೆಲಸ ಕಡಿಮೆಯಾಗಿರಬೇಕಲ್ಲ ಅಂದೆ. ಆಪರೇಟರ್ ನಕ್ಕರು. ಹೊಂಡ ಇದ್ದಾಗ ಗಾಡಿ ನಿಧಾನ ಹೋಗುತ್ತಿತ್ತು, ಕೆಟ್ಟು ನಿಲ್ಲುತ್ತಿತ್ತು. ಈಗ ರಸ್ತೆ ಚೆನ್ನಾಗಿದೆ, ವೇಗವಾಗಿ ಹೋಗುತ್ತದೆ, ಮಗುಚಿ ಮಲಗುತ್ತದೆ. ಕೆಟ್ಟು ನಿಂತ ಗಾಡಿ ಎಳೆಯುವ ಕೆಲಸ ಹೋಗಿ ಬಿದ್ದ ಗಾಡಿ ಎತ್ತುವ ಕೆಲಸ ಬಂತು ಎಂಬುದು ಅವರ ಲೆಕ್ಕ. ಇದಕ್ಕೆ ಅಂಕಿಸಂಖ್ಯೆಯ ಆಧಾರ ಅವರು ಕೊಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದ ಟೋಯಿಂಗ್ ರಾಡುಗಳನ್ನೂ ಹೊಸದಾಗಿ ಕೊಂಡ ಬೆಲ್ಟುಗಳನ್ನೂ ತೋರಿಸಿದರು.

ಮಾರನಹಳ್ಳಿ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಜೀಪು ನಿಲ್ಲಿಸಿ ಮೂಗು ಅರಳಿಸಿದರು. ಸುಟ್ಟ ಲೈನರಿನ ವಾಸನೆ. ಎದುರಿಗೆ ಒಂದು ಟ್ಯಾಂಕರ್ ಹೊಗೆಯಾಡುತ್ತಾ ಇಳಿಯುತ್ತಿತ್ತು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಚಾಳಿ ಘಾಟಿಯಲ್ಲಿ ಸಾಯಿಸುತ್ತದೆ. ಗೇರಿನಲ್ಲಿದ್ದರೆ ಎಂಜಿನ್ ಗಾಡಿಯನ್ನು ಹಿಡಿದಿಡುತ್ತದೆ; ನ್ಯೂಟ್ರಲ್‌ನಲ್ಲಿ ಇಡೀ ಭಾರವನ್ನು ಬ್ರೇಕ್ ಡ್ರಮ್ಮುಗಳೇ ಹೊರಬೇಕು. ಒತ್ತಿ ಒತ್ತಿ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರು ಹಿಡಿತ ಕಳೆದುಕೊಳ್ಳುತ್ತದೆ, ಕೊನೆಗೆ ಪೆಡಲ್ ಒತ್ತಿದರೂ ಗಾಡಿ ಕೇಳುವುದಿಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಹಳೇ ಡ್ರೈವರುಗಳು ಕ್ಲೀನರಿಗೆ ಹೇಳಿಕೊಡುತ್ತಿದ್ದರು. ಈಗ ಎಷ್ಟೋ ಗಾಡಿಗಳಲ್ಲಿ ಕ್ಲೀನರೇ ಇಲ್ಲ, ಹೇಳಿಕೊಡುವುದು ಯಾರಿಗೆ?

ಬ್ರೇಕಿನ ವಿಷಯದಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ, ಈ ಕಸುಬಿನ ಅರ್ಧ ತೊಡಕು ಅದರಿಂದಲೇ. ಕಾರಿನ ಬ್ರೇಕ್ ನಾವು ಒತ್ತಿದರೆ ಹಿಡಿಯುತ್ತದೆ. ದೊಡ್ಡ ಲಾರಿಯ ಪಾರ್ಕಿಂಗ್ ಬ್ರೇಕ್ ತಿರುವುಮುರುವು: ಒಳಗಿನ ದಪ್ಪ ಸ್ಪ್ರಿಂಗು ಸದಾ ಹಿಡಿದೇ ಇರುತ್ತದೆ, ಗಾಳಿಯ ಒತ್ತಡ ಬಂದರೆ ಮಾತ್ರ ಬಿಡುತ್ತದೆ. ಎಂಜಿನ್ ಸತ್ತು, ಪೈಪು ಕಿತ್ತು, ಟ್ಯಾಂಕಿನ ಗಾಳಿ ಸೋರಿದರೆ ಹಿಂದಿನ ಚಕ್ರಗಳು ಬಿಗಿದುಕೊಂಡು ಕೂರುತ್ತವೆ. ಅಂಥ ಗಾಡಿಯನ್ನು ಎಷ್ಟೇ ದೊಡ್ಡ ಕ್ರೇನಿನಿಂದ ಎಳೆದರೂ ಟೈರು ಸವೆಯುತ್ತದೆಯೇ ಹೊರತು ಉರುಳುವುದಿಲ್ಲ. ಆದ್ದರಿಂದ ಮೊದಲು ರಿಕವರಿ ಲಾರಿಯಿಂದ ಒಂದು ಗಾಳಿಯ ಪೈಪು ಕೊಡುತ್ತಾರೆ. ಅದೂ ಆಗದಿದ್ದರೆ ಒಬ್ಬ ಹುಡುಗ ಗಾಡಿಯಡಿಗೆ ಮಲಗಿ, ಬ್ರೇಕ್ ಚೇಂಬರಿನ ಬೆನ್ನಿಗೆ ಉದ್ದನೆಯ ಬೋಲ್ಟು ತೂರಿಸಿ, ನಟ್ಟು ತಿರುಗಿಸಿ ತಿರುಗಿಸಿ ಒಳಗಿನ ಸ್ಪ್ರಿಂಗನ್ನು ಹಿಂದಕ್ಕೆಳೆದು ಕಟ್ಟಿಹಾಕಬೇಕು. ಈಗ ಯೋಚಿಸಿ: ಇಳಿಜಾರಿನಲ್ಲಿ ನಿಂತ ಲಾರಿಯನ್ನು ಹಿಡಿದಿರುವ ಏಕೈಕ ವಸ್ತುವನ್ನು ಆ ಹುಡುಗ ಅದರ ಕೆಳಗೇ ಮಲಗಿ ಬಿಡಿಸುತ್ತಿದ್ದಾನೆ. ಚಕ್ರಕ್ಕೆ ಅಟ್ಟೆ ಕೊಟ್ಟು, ಮುಂದೆ ರಾಡು ಸಿಕ್ಕಿಸಿ, ಹಿಂದಿನಿಂದ ವಿಂಚಿನ ಹಗ್ಗ ಬಿಗಿದ ಮೇಲೆಯೇ ಅವನು ಒಳಗೆ ಹೋಗಬೇಕು. ಅವಸರದಲ್ಲಿ ಈ ಕ್ರಮ ತಪ್ಪಿದರೆ ಏನಾಗುತ್ತದೆಂದು ವಿವರಿಸುವುದು ಬೇಡ.

ಕೆಂಪುಹೊಳೆ ಹತ್ತಿರ ಏರುಮುಖದಲ್ಲಿ ಒಂದು ಹದಿನಾಲ್ಕು ಚಕ್ರದ ಗಾಡಿ ನಿಂತಿತ್ತು, ಪಣಂಬೂರಿನಿಂದ ಗೊಬ್ಬರ ತುಂಬಿಕೊಂಡು ಬಂದದ್ದು. ಕ್ರೌನ್ ಹೋಗಿದೆ ಅಂತ ಡ್ರೈವರ್ ಹೇಳುವ ಮೊದಲೇ ಹುಡುಗರಿಗೆ ಗೊತ್ತು. ಹೌಸಿಂಗಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಳೆಯುವ ಮುನ್ನ ಜಾಯಿಂಟ್ ಬಿಚ್ಚಿದರು, ಅಂದರೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು. ಎಂಟು ಬೋಲ್ಟಿನ ಕೆಲಸ, ತುಕ್ಕು ಹಿಡಿದಿದ್ದರೆ ಅರ್ಧ ಗಂಟೆ. ಕೆಲವು ಮಾಲೀಕರು ಫೋನಿನಲ್ಲೇ ಕೂಗಾಡುತ್ತಾರಂತೆ, ಹತ್ತು ಕಿಲೋಮೀಟರಿಗೆ ಅದೆಲ್ಲ ಯಾಕೆ, ಹಾಗೇ ಎಳೀರಿ ಅಂತ. ಹಾಗೇ ಎಳೆದರೆ ಚಕ್ರದ ಜೊತೆ ಗೇರ್ ಬಾಕ್ಸಿನ ಹಿಂದಿನ ಭಾಗ ತಿರುಗುತ್ತದೆ; ಎಂಜಿನ್ ಓಡದಿರುವುದರಿಂದ ಎಣ್ಣೆ ಮೇಲೇರುವುದಿಲ್ಲ. ಒಣ ಗೇರುಗಳು ಉಜ್ಜಿ ಬೆಂದುಹೋಗುತ್ತವೆ. ಕ್ರೌನಿಗೆ ಬಂದ ಖರ್ಚಿನ ಜೊತೆಗೆ ಗೇರ್ ಬಾಕ್ಸಿನದ್ದೂ ಸೇರುತ್ತದೆ, ಆಮೇಲೆ ಬೈಗುಳ ಕ್ರೇನಿನವರಿಗೆ.

ಇನ್ನು ಮಗುಚಿದ ಲಾರಿಯ ವಿಷಯ. ಅಡ್ಡಹೊಳೆಗಿಂತ ಮೇಲಿನ ಒಂದು ಎಡ ತಿರುವಿನಲ್ಲಿ, ನಸುಕಿನ ಮಳೆಯಲ್ಲಿ, ಮೆಕ್ಕೆಜೋಳದ ಚೀಲ ತುಂಬಿದ ಹತ್ತು ಚಕ್ರದ ಗಾಡಿ ಬಲಕ್ಕೆ ಮಗುಚಿತ್ತು. ಹಾವೇರಿ ಕಡೆಯ ಲೋಡು, ಕೇರಳದ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತಿತ್ತು. ಡ್ರೈವರ್ ಹಣೆಗೆ ಬ್ಯಾಂಡೇಜು ಕಟ್ಟಿಸಿಕೊಂಡು ತಡೆಗೋಡೆಯ ಮೇಲೆ ಕೂತಿದ್ದ, ಅವನಿಗೆ ಯಾರೋ ಚಹಾ ತಂದು ಕೊಟ್ಟಿದ್ದರು. ಲಾರಿಯ ಮಾಡು ರಸ್ತೆಯ ಕಡೆಗೆ, ಚಕ್ರಗಳು ಗುಡ್ಡದ ಚರಂಡಿಯ ಕಡೆಗೆ. ಅರ್ಧ ರಸ್ತೆ ಖಾಲಿ ಇತ್ತು, ಅದರಲ್ಲಿ ಪೊಲೀಸರು ಸರದಿಯಂತೆ ಗಾಡಿ ಬಿಡುತ್ತಿದ್ದರು.

ಮೊದಲ ಒಂದು ಗಂಟೆ ಯಾರೂ ಏನನ್ನೂ ಎತ್ತಲಿಲ್ಲ. ಬ್ಯಾಟರಿಯ ಟರ್ಮಿನಲ್ ಬಿಚ್ಚಿದರು. ಡೀಸೆಲ್ ಟ್ಯಾಂಕಿನ ಮುಚ್ಚಳದಿಂದ ಸೋರುತ್ತಿದ್ದುದಕ್ಕೆ ಬಟ್ಟೆ ತುರುಕಿ, ರಸ್ತೆಗೆ ಹರಿದ ಎಣ್ಣೆಯ ಮೇಲೆ ಮರಳು ಸುರಿದರು; ಮಳೆ ಬಿದ್ದ ಕಾಂಕ್ರೀಟಿನ ಮೇಲೆ ಡೀಸೆಲ್ ಇದ್ದರೆ ಮುಂದಿನ ಬೈಕಿನವನು ಬೀಳುವುದು ಖಾತ್ರಿ. ಹಿರಿಯರು ಗಾಡಿಯ ಸುತ್ತ ಎರಡು ಸುತ್ತು ಬಂದರು, ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು ಚಾಸಿಯ ಅಡಿ ನೋಡಿದರು, ಒಂದು ಕಡೆ ಪಾಟಾದ ಕಟ್ಟು ಕಿತ್ತುಹೋಗಿರುವುದನ್ನು ಹುಡುಗರಿಗೆ ತೋರಿಸಿದರು. ಎತ್ತುವಾಗ ಆ ಆಕ್ಸಲ್ ಕಳಚಿ ಜೋತಾಡಬಹುದು, ಅದನ್ನು ಮೊದಲು ಚೈನಿನಿಂದ ಚಾಸಿಗೆ ಕಟ್ಟಬೇಕು. ಆಮೇಲೆ ಹಮಾಲಿಗಳು ಬಂದು ತಾಡಪಾಲಿನ ಹಗ್ಗ ಕುಯ್ದು ಚೀಲ ಹೊರತೆಗೆಯತೊಡಗಿದರು. ಇದೇ ಅತಿ ದೀರ್ಘ ಕೆಲಸ. ಚೀಲ 60 ಕಿಲೋ, ಅಂಥವು ಮುನ್ನೂರರ ಹತ್ತಿರ. ಇನ್ನೊಂದು ಲಾರಿಗೆ ದಾಟಿಸುತ್ತಾ ದಾಟಿಸುತ್ತಾ ಹೊತ್ತು ನೆತ್ತಿಗೇರಿತು.

ಲೋಡಿನ ಸಮೇತ ಎತ್ತಬಹುದಲ್ಲ, ಎರಡು ಕ್ರೇನು 14 ಟನ್ನಿನವು, ಒಟ್ಟು 28 ಆಯಿತು ಎಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಒಬ್ಬ ಕಾರಿನವರು ವಾದಿಸಿದರು. ಹೈಡ್ರಾದ 14 ಟನ್ ಎಂಬುದು ಬೂಮನ್ನು ಪೂರ್ತಿ ಒಳಗೆಳೆದುಕೊಂಡು, ಭಾರ ಮೂತಿಗೆ ತೀರಾ ಹತ್ತಿರವಿದ್ದಾಗಿನ ಮಾತು. ಬೂಮು ಚಾಚಿದಂತೆಲ್ಲಾ ಆ ಶಕ್ತಿ ಇಳಿಯುತ್ತಾ ಬಂದು ಮೂರು ನಾಲ್ಕು ಟನ್ನಿಗೆ ಮುಟ್ಟುತ್ತದೆ; ಅದಕ್ಕೆ ಮೀರಿದರೆ ಕ್ರೇನಿನ ಹಿಂದಿನ ಚಕ್ರ ನೆಲ ಬಿಡುತ್ತದೆ. ಬೆಲ್ಟಿನ ಲೆಕ್ಕವೂ ಹಾಗೇ ಮೋಸದ್ದು. ಹುಕ್ಕಿನಿಂದ ಎರಡು ಕಾಲಾಗಿ ಇಳಿದ ಬೆಲ್ಟು ನೆಲಕ್ಕೆ 60 ಡಿಗ್ರಿಯಲ್ಲಿದ್ದರೆ 10 ಟನ್ ಭಾರಕ್ಕೆ ಒಂದೊಂದು ಕಾಲಿನ ಮೇಲೆ ಬೀಳುವುದು ಸುಮಾರು 5.8 ಟನ್. ಅದೇ ಬೆಲ್ಟು ಗಿಡ್ಡವಾಗಿ 30 ಡಿಗ್ರಿಗೆ ಚಪ್ಪಟೆಯಾದರೆ ಒಂದೊಂದು ಕಾಲಿನ ಮೇಲೂ ಪೂರಾ 10 ಟನ್. ಖಾಲಿ ಲಾರಿಯೇ ಒಂಬತ್ತು ಹತ್ತು ಟನ್ ತೂಗುತ್ತದೆ. ಹಿರಿಯರಿಗೆ ತ್ರಿಕೋನಮಿತಿ ಗೊತ್ತಿಲ್ಲ. ಬೆಲ್ಟು ಅರಳಿದ ಛತ್ರಿಯ ಕಡ್ಡಿಗಳಷ್ಟು ಅಗಲವಾಗಿದ್ದರೆ ಬೇರೆ ಬೆಲ್ಟು ತರುವಂತೆ ಹೇಳುತ್ತಾರೆ, ಅಷ್ಟೇ.

ಮಧ್ಯಾಹ್ನ ಎರಡರ ಸುಮಾರಿಗೆ ಕಟ್ಟುವ ಕೆಲಸ ಶುರುವಾಯಿತು. ಲಾರಿಯ ಮುಂಭಾಗಕ್ಕೊಂದು ಹಿಂಭಾಗಕ್ಕೊಂದು ಹೈಡ್ರಾ ರಸ್ತೆಯ ಮೇಲೆ ನಿಂತವು. ನೆಲಕ್ಕೊರಗಿದ ಬಲಮಗ್ಗುಲಿನ ಅಡಿಯಿಂದ ಬೆಲ್ಟು ತೂರಿಸಿ ಬಲ ಚಾಸಿಗೆ ಬಿಗಿದರು. ಬಾಡಿಗೆ ಯಾರೂ ಬೆಲ್ಟು ಹಾಕುವುದಿಲ್ಲ, ಹಾಕಿದರೆ ಬಾಡಿ ಕೈಗೆ ಬಂದು ಗಾಡಿ ಅಲ್ಲೇ ಉಳಿಯುತ್ತದೆ. ಚಾಸಿಯ ಚೂಪು ಅಂಚಿಗೆ ಹಳೇ ಟೈರಿನ ತುಂಡು ಮಡಚಿ ಕೊಟ್ಟರು. ಇಷ್ಟಾದ ಮೇಲೆ ಎತ್ತುತ್ತಾರೆ ಅಂದುಕೊಂಡರೆ, ರಿಕವರಿ ಲಾರಿಯನ್ನು ರಸ್ತೆಯ ಆಚೆ ಅಂಚಿಗೆ ತಂದು ನಿಲ್ಲಿಸಿ, ಅದರ ಚಕ್ರಗಳಿಗೆ ಸ್ಲೀಪರು ಕೊಟ್ಟು, ವಿಂಚಿನ ಹಗ್ಗವನ್ನು ಮಗುಚಿದ ಲಾರಿಯ ಮೇಲಿಂದ ಹಾಯಿಸಿ ಗಾಳಿಯಲ್ಲಿದ್ದ ಎಡ ಚಾಸಿಗೆ ಕಟ್ಟಿದರು. ಅದು ಎಳೆಯುವುದಕ್ಕಲ್ಲ. ಲಾರಿ ಅರ್ಧ ಎದ್ದು, ತೂಕದ ಮಧ್ಯಬಿಂದು ಚಕ್ರದ ಮೇಲಿಂದ ಆಚೆ ದಾಟಿದ ಕ್ಷಣದಲ್ಲಿ ಕ್ರೇನುಗಳಿಗೆ ಇನ್ನು ಕೆಲಸವಿಲ್ಲ. ಗಾಡಿ ತನ್ನ ಭಾರದಿಂದಲೇ ಎಡಕ್ಕೆ ಕುಕ್ಕುತ್ತದೆ. ಕುಕ್ಕಿದರೆ ಆಕ್ಸಲ್ ಹೋಗಬಹುದು, ಚರಂಡಿಗೆ ಉರುಳಬಹುದು, ಕಟ್ಟಿದ ಬೆಲ್ಟಿನ ಜೊತೆ ಕ್ರೇನನ್ನೂ ಜಗ್ಗಬಹುದು. ಆ ಕ್ಷಣಕ್ಕಾಗಿ ಈ ಹಗ್ಗ.

"ಎತ್ತಲಿಕ್ಕೆ ಎಂತ ಉಂಟು, ಹೈಡ್ರಾ ಎತ್ತುತ್ತದೆ," ಅಂದರು ಹಿರಿಯರು. "ನಾವಿರುವುದು ಹಿಡಿಯಲಿಕ್ಕೆ."

ಶೆಡ್ಡಿನಲ್ಲಿ ನೋಡಿದ ಸಾಮಾನಿನ ಅರ್ಥ ನನಗೆ ಆಗ ಆಯಿತು.

ಪೊಲೀಸರು ಎರಡೂ ಕಡೆ ಗಾಡಿ ತಡೆದರು. ವಿಂಚಿನ ಹಗ್ಗದ ನಡುವೆ ಒಂದು ಒದ್ದೆ ಗೋಣಿ ಹಾಕಿದರು. ಉಕ್ಕಿನ ಹಗ್ಗ ಹರಿದರೆ ಚಾವಟಿಯಾಗಿ ಹಿಂದಕ್ಕೆ ಹೊಡೆಯುತ್ತದೆ, ಗೋಣಿಯ ಭಾರ ಅದನ್ನು ಅಷ್ಟಾದರೂ ನೆಲಕ್ಕೆಳೆಯಲಿ ಎಂದು. ಹಗ್ಗದ ನೇರಕ್ಕೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ ಮೂವರನ್ನು ಬೈದು ಓಡಿಸಿದರು. ಆಮೇಲೆ ಒಬ್ಬನೇ ಮಾತಾಡಬೇಕು, ಉಳಿದವರೆಲ್ಲ ಬಾಯಿ ಮುಚ್ಚಬೇಕು. ಮಾತಾಡಿದ್ದು ಬೇಪೂರು ಕಡೆಯಿಂದ ಬಂದ ಒಬ್ಬ ನಡುವಯಸ್ಸಿನ ಖಲಾಸಿ. ಹಬೀಸ್ ಅಂದರೆ ಎತ್ತು, ಆರಿಯಾ ಅಂದರೆ ಇಳಿಸು. ಎರಡು ಕ್ರೇನೂ ಒಂದೇ ಸಮ ಏಳಬೇಕು. ಮುಂದಿನದು ಒಂದು ಗೇಣು ಹೆಚ್ಚು ಎತ್ತಿದರೂ ಚಾಸಿ ತಿರುಚಿಕೊಳ್ಳುತ್ತದೆ. "ಹಬೀಸ್... ಹಬೀಸ್... ಪಿಂದೆ ನಿಲ್ಲು... ಹಬೀಸ್." ಲಾರಿಯ ಮಗ್ಗುಲು ಕಾಂಕ್ರೀಟಿನಿಂದ ಬಿಡಿಸಿಕೊಂಡು ಮೇಲೆದ್ದಿತು, ಒಳಗೆ ಉಳಿದಿದ್ದ ಜೋಳ ಬಳಬಳನೆ ಸುರಿಯಿತು. ಅರ್ಧ ಎದ್ದ ಮೇಲೆ ಖಲಾಸಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ವಿಂಚಿನವನ ಕಡೆ ತಿರುಗಿ ಒಂದು ಬೆರಳು ತೋರಿಸಿದ. ಹಗ್ಗ ಬಿಗಿಯಿತು. ಇನ್ನೊಂದು ಗೇಣು ಎತ್ತಿದ್ದೇ ಕ್ರೇನುಗಳ ಬೆಲ್ಟು ಸಡಿಲವಾಗಿ ಜೋತುಬಿದ್ದವು, ಇಡೀ ಗಾಡಿ ಒಂದೇ ಹಗ್ಗದ ಮೇಲೆ. ರಿಕವರಿ ಲಾರಿಯ ಪಾಟಾ ಕಿರುಗುಟ್ಟಿತು. "ಆರಿಯಾ... ಆರಿಯಾ..." ಅಂಗುಲ ಅಂಗುಲವಾಗಿ ಬಿಟ್ಟು, ಎಡಗಡೆಯ ಚಕ್ರಗಳನ್ನು ನೆಲ ಮುಟ್ಟಿಸಿದರು. ಎತ್ತಿದ್ದರಿಂದ ಇಳಿಸುವವರೆಗೆ ಹದಿನೈದು ನಿಮಿಷವೂ ಆಗಿರಲಿಕ್ಕಿಲ್ಲ. ಅದಕ್ಕೆ ಮುಂಚೆ ಬೆಳಗಿನಿಂದ ನಡೆದದ್ದೆಲ್ಲ ಆ ಹದಿನೈದು ನಿಮಿಷದ ತಯಾರಿ.

ಖಲಾಸಿಗಳ ಬಗ್ಗೆ ಒಂದು ಮಾತು. ಮಲಬಾರಿನ ಮಾಪಿಳ್ಳ ಖಲಾಸಿಗಳು ಬೇಪೂರಿನಲ್ಲಿ ಮರದ ಹಡಗುಗಳನ್ನು ಹಗ್ಗ, ಪುಲ್ಲಿ, ದಿಮ್ಮಿಗಳಿಂದಲೇ ನೀರಿಗಿಳಿಸುತ್ತಾ ಬಂದವರು. 1988ರಲ್ಲಿ ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಬಳಿಯ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಕೆರೆಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ, ಮುಳುಗಿದ ಬೋಗಿಗಳನ್ನು ಮೇಲೆ ತರಲು ಅವರನ್ನೇ ಕರೆಸಿದ್ದರು. ಅಮೆರಿಕದ ಪುಸ್ತಕಗಳು ಈ ಕಸುಬಿನ ಹುಟ್ಟನ್ನು 1916ಕ್ಕೆ ಕೊಂಡೊಯ್ಯುತ್ತವೆ: ಟೆನೆಸಿಯ ಚಾಟನೂಗದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವನು ಹಳ್ಳಕ್ಕೆ ಬಿದ್ದ ಕಾರನ್ನು ಎತ್ತುವುದರಲ್ಲಿ ಸುಸ್ತಾಗಿ, ಒಂದು ಕ್ಯಾಡಿಲಾಕ್ ಕಾರಿನ ಬೆನ್ನಿಗೆ ಕಂಬ, ಚೈನು, ಪುಲ್ಲಿ ಕೂರಿಸಿದ. ಆ ಊರಿನಲ್ಲಿ ಈಗ ಟೋಯಿಂಗ್ ಕಸುಬಿನ ಮ್ಯೂಸಿಯಂ ಇದೆ, ರಸ್ತೆಯಂಚಿನ ಈ ಕೆಲಸದಲ್ಲೇ ಪ್ರಾಣ ಬಿಟ್ಟವರ ಹೆಸರುಗಳ ಗೋಡೆಯೂ ಇದೆ. ಹೋಮ್ಸ್ ಮಾಡಿದ್ದು ದೊಡ್ಡದೇ. ಆದರೆ ಎಂಜಿನ್ನಿಗೂ ಮುಂಚಿನಿಂದ ಭಾರ ಎಳೆಯಬಲ್ಲವರು ನಮ್ಮ ಪಕ್ಕದ ಕರಾವಳಿಯಲ್ಲಿದ್ದರು, ಅವರ ಮೊಮ್ಮಕ್ಕಳು ಈಗ ಶಿರಾಡಿಯಲ್ಲಿ ಹೈಡ್ರಾಕ್ಕೆ ಕೈಸನ್ನೆ ಮಾಡುತ್ತಾರೆ ಎಂಬುದು ನನಗೆ ಹೆಚ್ಚು ಹಿಡಿಸಿತು.

ಗ್ಯಾಸ್ ಟ್ಯಾಂಕರ್ ಬಿದ್ದರೆ ಈ ಯಾವ ಜಾಣತನವೂ ಮೊದಲಿಗೆ ಉಪಯೋಗಕ್ಕೆ ಬರುವುದಿಲ್ಲ. ಮಂಗಳೂರಿನಿಂದ ಒಳನಾಡಿಗೆ ಏರುವ ಬುಲೆಟ್ ಟ್ಯಾಂಕರಿನ ಹೊಟ್ಟೆಯಲ್ಲಿ 17–18 ಟನ್ ಎಲ್‌ಪಿಜಿ ಇರುತ್ತದೆ. ದ್ರವ ಹೊರಬಿದ್ದರೆ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ, ಗಾಳಿಗಿಂತ ಭಾರವಾದ್ದರಿಂದ ಮೇಲೆ ಹಾರದೆ ಚರಂಡಿ, ತೋಡು, ತಗ್ಗು ಹುಡುಕಿಕೊಂಡು ಇಳಿಯುತ್ತದೆ. ಘಾಟಿಯಲ್ಲಿ ತಗ್ಗು ಎಂದರೆ ಕೆಳಗಿನ ತಿರುವಿನಲ್ಲಿ ಸಾಲುಗಟ್ಟಿ ನಿಂತ ಗಾಡಿಗಳು. 2013ರ ಏಪ್ರಿಲ್ 9ರಂದು ಇದೇ ಹೆದ್ದಾರಿಯಲ್ಲಿ, ಉಪ್ಪಿನಂಗಡಿಯಾಚೆಯ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ, ರಸ್ತೆಬದಿಯ ಮನೆಗಳೂ ಅಲ್ಲಿದ್ದ ಜನರೂ ಸುಟ್ಟದ್ದನ್ನು ಈ ಸೀಮೆಯವರು ಮರೆತಿಲ್ಲ. ಅಂಥ ಕರೆ ಬಂದರೆ ತಂಡ ದೂರದಲ್ಲೇ ನಿಲ್ಲುತ್ತದೆ. ಕ್ರೇನಿನ ಎಂಜಿನ್ ಶುರು ಮಾಡುವ ಹಾಗಿಲ್ಲ. ಫೈರ್ ಎಂಜಿನ್ ನೀರು ಸಿಂಪಡಿಸುತ್ತಿರಬೇಕು, ತೈಲ ಕಂಪನಿಯ ತುರ್ತು ವಾಹನ ಬಂದು ಸೋರಿಕೆ ತಡೆಯಬೇಕು, ಖಾಲಿ ಟ್ಯಾಂಕರ್ ತರಿಸಿ ಅನಿಲವನ್ನು ಅದಕ್ಕೆ ದಾಟಿಸಬೇಕು. ಆಮೇಲೆ ಎತ್ತುವ ಮಾತು. ಹತ್ತು ಹನ್ನೆರಡು ಗಂಟೆ ಹೆದ್ದಾರಿ ಬಂದ್. ಆ ಹೊತ್ತಿನಲ್ಲಿ ಮೇಲಿಂದ ಮೇಲೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: ಇನ್ನೂ ಎಷ್ಟು ಹೊತ್ತು?

ಆ ಪ್ರಶ್ನೆಯೇ ಈ ಘಾಟಿಯ ರಿಕವರಿಯವರ ದೊಡ್ಡ ಶತ್ರು ಎಂದು ನನಗೀಗ ಅನ್ನಿಸುತ್ತದೆ. ಬದಲಿ ದಾರಿಗಳೆಂದರೆ ಚಾರ್ಮಾಡಿ, ಬಿಸಿಲೆ, ಮಡಿಕೇರಿಯ ಸಂಪಾಜೆ. ಮೊದಲೆರಡು ಭಾರಿ ಲಾರಿಗೆ ಆಗಿಬರುವಂಥವಲ್ಲ. ಆದ್ದರಿಂದ ಶಿರಾಡಿಯಲ್ಲಿ ಒಂದು ಗಾಡಿ ಅಡ್ಡ ಬಿದ್ದರೆ ಬಂದರಿನಿಂದ ಬೆಂಗಳೂರಿನವರೆಗೆ ಎಲ್ಲರಿಗೂ ಚಡಪಡಿಕೆ. ಆಂಬುಲೆನ್ಸ್ ಸಾಲಿನಲ್ಲಿದ್ದರೆ ಆ ಚಡಪಡಿಕೆ ನ್ಯಾಯವಾದದ್ದೇ. ಉಳಿದಂತೆ, ಅಧಿಕಾರಿಗಳಿಗೆ ಮೇಲಿನಿಂದ ಒತ್ತಡ, ಅವರಿಂದ ಕ್ರೇನಿನವರ ಮೇಲೆ ಒತ್ತಡ. ಲೋಡು ಇಳಿಸದೆ ಎಳೆದು ಬದಿಗೆ ತಳ್ಳು ಅನ್ನುತ್ತಾರೆ. ಹಾಗೆ ತಳ್ಳಿದ ಒಂದು ಗಾಡಿಯ ಬೆಲ್ಟು ತುಂಡಾಗಿ ಹುಡುಗನೊಬ್ಬನ ಕೈ ಮೂಳೆ ಮುರಿದದ್ದನ್ನು ತಂಡದವರು ಹೇಳಿದರು. ಆಸ್ಪತ್ರೆ ಖರ್ಚು ತಂಡದ್ದೇ. ಅವನು ಈಗ ಉಪ್ಪಿನಂಗಡಿಯಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ.

ಮಳೆಗಾಲದ ಗುಡ್ಡ ಕುಸಿತ ಬೇರೆಯೇ ಲೆಕ್ಕ. 2018ರ ಜುಲೈನಲ್ಲಿ ಎರಡನೇ ಹಂತದ ಕಾಂಕ್ರೀಟ್ ಮುಗಿದು ರಸ್ತೆ ತೆರೆಯಿತು, ಆಗಸ್ಟಿನಲ್ಲೇ ಗುಡ್ಡ ಜಾರಿ ಮತ್ತೆ ಮುಚ್ಚಿತು. 2024ರ ಜುಲೈ ಕೊನೆಯಲ್ಲಿ ದೊಡ್ಡತಪ್ಲು ಬಳಿ ಮಣ್ಣು ಬಂದು ಗಾಡಿಗಳ ಮೇಲೆಯೇ ಕೂತಿತು. ಕೆಸರಿನಲ್ಲಿ ಹೂತ ಲಾರಿಯನ್ನು ಎಳೆಯುವಾಗ ಅದರ ತೂಕದ ಜೊತೆ ಕೆಸರಿನ ಹೀರುವ ಹಿಡಿತವನ್ನೂ ಎಳೆಯಬೇಕು; ಮೇಲಿನ ಗುಡ್ಡ ಇನ್ನೂ ಜಾರುತ್ತಿರುವಾಗ ಕೆಳಗೆ ಎಂಜಿನ್ ಅದುರಿಸುವುದೂ ಅಪಾಯ. ಅದೇ ತಿಂಗಳ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ಹೊಳೆಗೆ ಹೋದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ. ಆಗಸ್ಟಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿದು ನೀರಿಗೆ ಬಿದ್ದ ಲಾರಿಯನ್ನಾದರೋ ಮಾರನೆಯ ದಿನವೇ ದಡಕ್ಕೆಳೆದಿದ್ದರು. ಎರಡಕ್ಕೂ ಇದ್ದ ವ್ಯತ್ಯಾಸ ಕ್ರೇನಿನದ್ದಲ್ಲ. ಕಾಳಿಯಲ್ಲಿ ಗಾಡಿ ಎಲ್ಲಿದೆ ಎಂದು ಕಾಣುತ್ತಿತ್ತು, ಗಂಗಾವಳಿಯಲ್ಲಿ ಅದರ ಮೇಲೆ ಒಂದು ಗುಡ್ಡದ ಮಣ್ಣಿತ್ತು.

ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಫೋನು ಮಾಡಿದರೆ ಟೋಲ್ ಗೇಟಿನ ಕ್ರೇನು ಬರುತ್ತದೆ, ಸಣ್ಣ ಪುಟ್ಟ ಗಾಡಿಯನ್ನು ಬದಿಗೆ ಸರಿಸಲು ಅದು ಸಾಕು. ಲೋಡಾದ ಟ್ರೇಲರ್ ಹೊಳೆಯ ಕಡೆಗೆ ಇಳಿದಾಗ ಬರಬೇಕಾದ್ದು ಇಂಥ ಖಾಸಗಿ ತಂಡಗಳೇ. ಘಾಟಿಗೆ ಕಾಂಕ್ರೀಟ್ ಹಾಕಲು, ನಾಲ್ಕು ಪಥ ಮಾಡಲು, ಸುರಂಗದ ಕನಸು ಕಾಣಲು ಸರ್ಕಾರದ ಹತ್ತಿರ ಯೋಜನೆಗಳಿವೆ. ಬಿದ್ದದ್ದನ್ನು ಎತ್ತುವವರಿಗೆ ತರಬೇತಿ, ಬೆಲ್ಟು ವೈರುಗಳ ತಪಾಸಣೆ, ಗಾಯಗೊಂಡರೆ ವಿಮೆ, ಸ್ಥಳದಲ್ಲಿ ಯಾರ ಮಾತು ಕೊನೆಯದು ಎಂಬ ನಿಯಮ ಇದೆಯೇ ಎಂದು ಕೇಳಿದರೆ, ತಂಡದಲ್ಲಿ ಯಾರೂ ಅಂಥದ್ದನ್ನು ಕಂಡವರಿಲ್ಲ. ಎಲ್ಲರೂ ನೋಡಿ ಕಲಿತವರು. ನನ್ನ ಕೇಳಿದರೆ, ಹೊಸ ಸುರಂಗಕ್ಕೆ ಮುಂಚೆ ಗುಂಡ್ಯದಲ್ಲೊಂದು ಮಾರನಹಳ್ಳಿಯಲ್ಲೊಂದು ಸರಿಯಾದ ಭಾರಿ ರಿಕವರಿ ವಾಹನ, ಅದಕ್ಕೆ ಸಂಬಳದ ಜನ ಬೇಕು. ಖರ್ಚು ಒಂದು ತಿರುವು ಅಗಲ ಮಾಡಿದಷ್ಟೂ ಆಗಲಿಕ್ಕಿಲ್ಲ.

ದುಡ್ಡಿನ ಪ್ರಕರಣ ಗುಂಡ್ಯದಲ್ಲಿ. ಸುಬ್ರಹ್ಮಣ್ಯದ ದಾರಿ ಕವಲೊಡೆಯುವಲ್ಲಿ ಹೋಟೆಲುಗಳ ಸಾಲು, ಅದರಾಚೆ ಖಾಲಿ ಜಾಗದಲ್ಲಿ ಎತ್ತಿ ತಂದ ಗಾಡಿಗಳು ಮಹಜರಿಗೆ, ಆರ್‌ಟಿಒ ಇನ್ಸ್‌ಪೆಕ್ಟರಿಗೆ, ವಿಮೆಯ ಸರ್ವೇಯರಿಗೆ ಕಾಯುತ್ತಾ ನಿಂತಿರುತ್ತವೆ. ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ ರಸ್ತೆಯಲ್ಲಿ ಬಿಟ್ಟುಹೋದ ಗಾಡಿಯನ್ನು ಪೊಲೀಸರು ತೆರವು ಮಾಡಿಸಬಹುದು, ಖರ್ಚು ಮಾಲೀಕನದ್ದು. ಮಾಲೀಕ ವಿಮೆಯ ಕಡೆ ನೋಡುತ್ತಾನೆ. ಸರಕು ವಾಹನದ ಪ್ರಮಾಣಿತ ಪ್ಯಾಕೇಜ್ ಪಾಲಿಸಿಯಲ್ಲಿ ಅಪಘಾತವಾದ ಗಾಡಿಯನ್ನು ಕಾಯ್ದು ಹತ್ತಿರದ ಗ್ಯಾರೇಜಿಗೆ ಮುಟ್ಟಿಸುವುದಕ್ಕೆ ಇರುವ ಮಿತಿ 2,500 ರೂಪಾಯಿ. ಹೆಚ್ಚು ಬೇಕಿದ್ದರೆ ಮೊದಲೇ ಹೆಚ್ಚಿನ ಪ್ರೀಮಿಯಂ ಕಟ್ಟಿರಬೇಕು. ಒಂದೇ ಲಾರಿಯ ಮಾಲೀಕರಲ್ಲಿ ಅದನ್ನು ಕಟ್ಟಿದವರು ಅಪರೂಪ. ಎರಡು ಕ್ರೇನು ದಿನವಿಡೀ ನಿಂತರೆ ಆ ಹಣ ಡೀಸೆಲಿಗೂ ಸಾಲದು.

ಮೆಕ್ಕೆಜೋಳದ ಗಾಡಿಯ ಮಾಲೀಕರು ಸಂಜೆ ಬಸ್ಸಿನಲ್ಲಿ ಬಂದಿಳಿದರು. ಸಾಲ ಮಾಡಿ ಗಾಡಿ ಕೊಂಡವರು, ಕಂತು ಇನ್ನೂ ಬಾಕಿ. ಅವರ ತಕರಾರು ಒಂದೇ: ಬಿಲ್ಲಿನಲ್ಲಿ ದಿನವಿಡೀ ಕ್ರೇನಿನ ಬಾಡಿಗೆ ಬರೆದಿದ್ದೀರಿ, ಆದರೆ ಎತ್ತಿದ್ದು ಕಾಲು ಗಂಟೆ ಅಂತ ಡ್ರೈವರ್ ಹೇಳುತ್ತಾನೆ, ಉಳಿದ ಹೊತ್ತು ಸುಮ್ಮನೆ ನಿಂತಿತ್ತಲ್ಲ. ಹಿರಿಯ ಆಪರೇಟರ್ ಜಗಳಾಡಲಿಲ್ಲ. ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಚಾಸಿ, ಆಕ್ಸಲ್, ಡೀಸೆಲ್ ಟ್ಯಾಂಕು ಒಂದೊಂದಾಗಿ ತೋರಿಸಿದರು. ಪಾಟಾ ಬೀಳುವಾಗಲೇ ಕಳಚಿತ್ತು, ಎತ್ತುವಾಗ ಏನೂ ಹೊಸದಾಗಿ ಮುರಿದಿರಲಿಲ್ಲ. ಮಾಲೀಕರು ಟಾರ್ಚು ಹಾಕಿಕೊಂಡು ತಾವೇ ಅಡಿಗೆ ಬಗ್ಗಿ ನೋಡಿದರು, ಗೇರ್ ಬಾಕ್ಸಿಗೆ ಕೈಯಾಡಿಸಿದರು. ಆಮೇಲೂ ಚೌಕಾಶಿ ನಡೆಯಿತು, ನಿಂತ ಗಂಟೆಗಳಿಗೆ ಅರ್ಧ ದರ ಎಂದು ಒಪ್ಪಂದವಾಯಿತು. ಸ್ವಲ್ಪ ಹಣ ಕೈಯಲ್ಲಿ, ಸ್ವಲ್ಪ ಫೋನಿನಲ್ಲಿ, ಮಿಕ್ಕದ್ದು ವಿಮೆ ಬಂದ ಮೇಲೆ. ಆ ಮಿಕ್ಕದ್ದು ಬರುತ್ತದೆಯೇ ಎಂದು ಹಿರಿಯರನ್ನು ಕೇಳಿದೆ. "ಬಂದರೆ ಬಂತು. ಅವರ ಇನ್ನೊಂದು ಗಾಡಿ ಇದೇ ದಾರಿಯಲ್ಲಿ ಓಡ್ತದೆ," ಅಂದರು.